ಸಾಹೇಬರ ಜೀನು: ಅಸಲಿ ಅಂದ್ರೆ ಯಾವುದು?

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನ್ಯದ ಅಧಿಕಾರಿಗಳು ಬಳಸುತ್ತಿದ್ದ ಕುದುರೆ ಜೀನನ್ನು ಇವತ್ತಿಗೂ ಕೈಯಲ್ಲೇ ಹೊಲಿದು ಮಾರುವವರಿದ್ದಾರೆ. ಕೊಳ್ಳುವವರೂ ಇದ್ದಾರೆ. ಆದರೆ ಒಂದು ಜಗಳ ಮಾತ್ರ ಮುಗಿಯುವುದೇ ಇಲ್ಲ: ಇದು ನಿಜವಾಗಿ ಆಗಿನ ಹಾಗೇ ಇದೆಯಾ? ಹೊಲಿಗೆ ಎಣಿಸುವವರು ಒಂದು ಕಡೆ, ಕುದುರೆಯ ಬೆನ್ನು ನೋಡುವವರು ಇನ್ನೊಂದು ಕಡೆ. ಗೋಜಲು ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಹೋದರೆ, ಅದು ಮೂಲ ಜೀನಿನಲ್ಲೇ ಸಿಗುತ್ತದೆ.

ಅಮೆರಿಕ ಸೈನ್ಯದ ಕ್ಯಾಪ್ಟನ್ ಜಾರ್ಜ್ ಮೆಕ್‌ಕ್ಲೆಲನ್ 1855ರಲ್ಲಿ ಯುರೋಪಿಗೆ ಹೋದರು. ಅದು ಕ್ರಿಮಿಯಾ ಯುದ್ಧದ ಸಮಯ. ಅಲ್ಲಿನ ಸೈನ್ಯಗಳನ್ನು ನೋಡಿ ಬಂದು ಹೊಸ ಜೀನಿನ ಮಾದರಿಯೊಂದನ್ನು ಮುಂದಿಟ್ಟರು. 1859ರಲ್ಲಿ ಸರ್ಕಾರ ಅದನ್ನು ಒಪ್ಪಿಕೊಂಡಿತು. ಮರದ ಚೌಕಟ್ಟು, ಅದರ ಮೇಲೆ ಬಿಗಿದ ಹಸಿ ತೊಗಲು, ನಡುವೆ ಉದ್ದಕ್ಕೂ ಬಿಟ್ಟ ಸಂದು. ಆ ಸಂದಿನಿಂದ ಕುದುರೆಯ ಬೆನ್ನುಮೂಳೆಯ ಮೇಲೆ ಭಾರ ಬೀಳುವುದಿಲ್ಲ, ಗಾಳಿಯೂ ಆಡುತ್ತದೆ. ಸವಾರನ ಪಾಡು ಬೇರೆ ಬಿಡಿ. ತೊಗಲು ಒಣಗಿ ಒಡೆದರೆ ಕೂತವನಿಗೇ ಗೊತ್ತು ಅದರ ಕಷ್ಟ!

ಸಿಪಾಯಿಗೆ ಜೀನು ಸರ್ಕಾರದ್ದು. ಅಧಿಕಾರಿ ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿತ್ತು. ಹಾಗಾಗಿ ಒಬ್ಬರು ಮೆಕ್‌ಕ್ಲೆಲನ್ ಜೀನಿಗೇ ಒಳ್ಳೆಯ ಚರ್ಮ ಹೊದಿಸಿ ಹಿತ್ತಾಳೆ ಕಟ್ಟು ಹಾಕಿಸಿಕೊಂಡರು, ಇನ್ನೊಬ್ಬರು 1847ರ ಗ್ರಿಮ್ಸ್‌ಲಿ ಜೀನನ್ನೇ ಬಿಡಲಿಲ್ಲ, ಮತ್ತೊಬ್ಬರಿಗೆ ಇಂಗ್ಲಿಷ್ ಶೈಲಿಯ ಚಪ್ಪಟೆ ಜೀನೇ ಇಷ್ಟ. ಯುದ್ಧದಲ್ಲಿ ಎದುರು ಪಕ್ಷವಾಗಿದ್ದ ದಕ್ಷಿಣ ರಾಜ್ಯಗಳವರಲ್ಲಿ ಜೆನಿಫರ್ ಅನ್ನೋ ಬೇರೆ ಮಾದರಿಯ ಜೀನು ಜಾಸ್ತಿ ಓಡುತ್ತಿತ್ತು. ಮೇವಿಲ್ಲದೆ ಕುದುರೆಗಳು ಬಡಕಲಾದಾಗ ಅದು ನೇರ ಬೆನ್ನುಮೂಳೆಗೆ ತಾಗತೊಡಗಿತು, ಆಮೇಲೆ ಅವರೂ ಮೆಕ್‌ಕ್ಲೆಲನ್ ಮಾದರಿಗೆ ಬಂದರು. ಅಂದರೆ ‘ಅಧಿಕಾರಿಯ ಜೀನು’ ಅನ್ನೋ ಒಂದೇ ಅಸಲಿ ಯಾವತ್ತೂ ಇರಲಿಲ್ಲ.

ಯುದ್ಧ ಮುಗಿಯಿತು, ಮಾದರಿಗಳು ಬದಲಾದವು, ಮೋಟಾರು ಬಂತು, ಕುದುರೆ ಸೈನ್ಯದಿಂದ ಹೊರಬಿತ್ತು. ಮಿಕ್ಕ ಜೀನುಗಳು ಹಳೇ ಸಾಮಾನಿನ ಜೊತೆ ಬಿಕರಿಯಾದವು.

1961ರಿಂದ 65ರವರೆಗೆ ಯುದ್ಧದ ಶತಮಾನೋತ್ಸವ ನಡೆದಾಗ, ಹಳೇ ಸಮವಸ್ತ್ರ ಹಾಕಿ ಕಾಳಗವನ್ನು ಮತ್ತೆ ಆಡಿ ತೋರಿಸುವ ಹವ್ಯಾಸಕ್ಕೆ ಹೊಸ ಕಳೆ ಬಂತು. ನೂರು ವರ್ಷದ ತೊಗಲಿನ ಮೇಲೆ ಹತ್ತಿ ಕೂರಲಾಗುತ್ತದಾ? ನಕಲು ಬೇಕೇ ಬೇಕಾಯಿತು. ಸರಿಯಾಗಿ ಮಾಡುವ ಕೆಲಸ ನಿಧಾನದ್ದು. ಹಸಿ ತೊಗಲನ್ನು ನೆನೆಸಿ ಚೌಕಟ್ಟಿನ ಮೇಲೆ ಎಳೆದು ಹೊಲಿಯಬೇಕು. ಅದು ಒಣಗುತ್ತಾ ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತದೆ. ಮೇಲಿನ ಚರ್ಮ ತೊಗಟೆಯಲ್ಲಿ ಹದವಾಗಿರಬೇಕು. ನಮ್ಮಲ್ಲಿ ತಂಗಡಿ ತೊಗಟೆ ಬಳಸುತ್ತಿದ್ದ ಹಾಗೆ ಅವರಲ್ಲಿ ಓಕ್ ತೊಗಟೆ. ಆಮೇಲೆ ಮೇಣ ತಿಕ್ಕಿದ ನಾರುದಾರದ ಎರಡು ತುದಿಗೂ ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ತೂರಿಸಿ ಹೊಲಿಗೆ. ಒಂದು ಕಡೆ ದಾರ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಮಿಷನ್ ಹೊಲಿಗೆಯಲ್ಲಿ ಈ ಗಟ್ಟಿತನ ಇಲ್ಲ.

ಇಷ್ಟು ಕೆಲಸಕ್ಕೆ ತಕ್ಕ ಬೆಲೆ ಕೊಡಲು ಎಲ್ಲರೂ ತಯಾರಿರಲಿಲ್ಲ. ಅಗ್ಗದ ಜೀನುಗಳು ಬಂದವು, ಅದರಲ್ಲಿ ಭಾರತದಲ್ಲಿ ತಯಾರಾದವೂ ಸಾಕಷ್ಟು. ‘ಇಂಡಿಯಾ ಮಾಲು’ ಅಂತ ಮೂಗು ಮುರಿಯುವುದನ್ನು ಕೇಳಿದಾಗ ನನಗೆ ಸ್ವಲ್ಪ ಕಸಿವಿಸಿ. ಬ್ರಿಟಿಷ್ ಸೈನ್ಯಕ್ಕಾಗಿ 19ನೇ ಶತಮಾನದಿಂದಲೇ ಜೀನು ಹೊಲಿದ ಊರು ಕಾನ್ಪುರ. ಕೈಗೆ ಕಸುಬು ಬರದೇ ಅಲ್ಲ, ಕೇಳಿದ ಬೆಲೆಗೆ ತಕ್ಕ ಚರ್ಮ ಬಂತು, ಅಷ್ಟೇ ಅಲ್ವಾ?

ಇನ್ನು ಕುದುರೆಯ ಮಾತು. ಇವತ್ತಿನ ಎಷ್ಟೋ ಕುದುರೆಗಳ ಬೆನ್ನು ಆಗಿನ ಜೀನಿಗಿಂತ ಅಗಲ. ಹಳೇ ಅಳತೆಯಲ್ಲೇ ಮಾಡಿದರೆ ಬೆನ್ನು ಹುಣ್ಣಾಗುತ್ತದೆ, ಅಗಲ ಮಾಡಿದರೆ ‘ಇದು ಅಸಲಿಯಂತಿಲ್ಲ’ ಅನ್ನುತ್ತಾರೆ. ‘ಬೇಡ’ ಅನ್ನೋಕೆ ಕುದುರೆಗೆ ಬಾಯಿಲ್ಲವಲ್ಲ, ನಾನಂತೂ ಅಗಲ ಮಾಡಿದವರ ಕಡೆ.

ಇದೆಲ್ಲದರ ಮೇಲೆ ಇನ್ನೊಂದು ತಲೆನೋವು. ಒಳ್ಳೆಯ ನಕಲು ನಾಲ್ಕಾರು ಕೈ ಬದಲಾಗುವಷ್ಟರಲ್ಲಿ ‘ಅಸಲಿ’ ಆಗಿಬಿಡುತ್ತದೆ. ಇದಕ್ಕೇ ಕೆಲವರು ಜೀನಿನ ಒಳಮೈಯಲ್ಲಿ ತಮ್ಮ ಹೆಸರು, ವರ್ಷ ಒತ್ತುತ್ತಾರೆ. ಕೊಳ್ಳುವ ಮುಂಚೆ ಅಲ್ಲಿ ಒಮ್ಮೆ ಬೆರಳಾಡಿಸಿ ನೋಡಿ. ಒಂದೇ ಜಾಗದಲ್ಲಿ ಚರ್ಮ ಕೆರೆದ ಹಾಗೆ ತೆಳ್ಳಗಿದ್ದರೆ, ಮಾರುವವರ ಹತ್ತಿರ ಇನ್ನಷ್ಟು ಪ್ರಶ್ನೆ ಕೇಳಿ.