ಅಮ್ಮ–ಮಗಳ ಜಗಳದಲ್ಲಿ ಕೇಳಿಸಿಕೊಳ್ಳುವವಳ ಮುಖ

ಅಮ್ಮ–ಮಗಳ ಮುನಿಸಿನ ಸಿನಿಮಾ ಬಗ್ಗೆ ಬರೆಯಿರಿ ಅಂದರೆ ನಾವು ಸಾಮಾನ್ಯವಾಗಿ ತಪ್ಪು ಯಾರದ್ದು ಅಂತ ಲೆಕ್ಕ ಹಾಕಲು ಕೂರುತ್ತೇವೆ. ಅಮ್ಮ ಹೀಗೆ ಮಾಡಿದಳು, ಮಗಳು ಹಾಗಂದಳು. ಎರಡು ಪುಟ ತುಂಬುತ್ತದೆ ನಿಜ, ಆದರೆ ಬರೆದದ್ದು ಬರೀ ಕಥೆಯ ಸಾರಾಂಶ ಆಗಿರುತ್ತದೆ. ಇಂಥ ಸಿನಿಮಾ ಓದಲು ಇನ್ನೊಂದು ದಾರಿಯಿದೆ. ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಏನು ಮಾಡುತ್ತಿದ್ದಾಳೆ, ಕ್ಯಾಮೆರಾ ಅವಳನ್ನು ನಮಗೆ ತೋರಿಸುತ್ತಿದೆಯಾ ಅಂತ ಗಮನಿಸುವುದು.

ಇದಕ್ಕೆ ಒಳ್ಳೆಯ ಪಾಠ ಸ್ವೀಡನ್‌ನ ನಿರ್ದೇಶಕ ಇಂಗ್ಮರ್ ಬರ್ಗ್‌ಮನ್ ಅವರ 'ಆಟಮ್ ಸೊನಾಟಾ' (1978). ತೆರಿಗೆ ತಕರಾರಿನಿಂದ ರೋಸಿಹೋಗಿ ಬರ್ಗ್‌ಮನ್ 1976ರಲ್ಲಿ ಸ್ವೀಡನ್ ಬಿಟ್ಟಿದ್ದರು. ಹಾಗಾಗಿ ಶೂಟಿಂಗ್ ನಡೆದದ್ದು ನಾರ್ವೆಯಲ್ಲಿ. ಅಮ್ಮ ಶಾರ್ಲೊಟ್ ಆಗಿ ಇಂಗ್ರಿಡ್ ಬರ್ಗ್‌ಮನ್ (ಹೆಸರು ಒಂದೇ, ನಿರ್ದೇಶಕರ ನೆಂಟರೇನಲ್ಲ), ಮಗಳು ಇವಾ ಆಗಿ ಲಿವ್ ಉಲ್ಮನ್. ಇಂಗ್ರಿಡ್ ಕೂಡ ಹಿಂದೊಮ್ಮೆ ಮಗಳನ್ನು ಅಮೆರಿಕದಲ್ಲಿ ಬಿಟ್ಟು ಇಟಲಿಗೆ ಹೋದವರು. ಅದು ಗೊತ್ತಿದ್ದರೆ ಅವರ ಅಭಿನಯ ಇನ್ನಷ್ಟು ಚುಚ್ಚುತ್ತದೆ. ಹಾಗಂತ ಸಿನಿಮಾ ಬಗ್ಗೆ ಬರೆಯುವಾಗ ಅದನ್ನೇ ಎಳೆಯಬೇಡಿ.

ಕಥೆ ಚಿಕ್ಕದು. ಶಾರ್ಲೊಟ್ ಹೆಸರಾಂತ ಪಿಯಾನೋ ಕಲಾವಿದೆ. ಇವಾ ಒಬ್ಬ ಪಾದ್ರಿಯ ಹೆಂಡತಿ, ಪುಟ್ಟ ಮಗನನ್ನು ನೀರಿನಲ್ಲಿ ಕಳಕೊಂಡವಳು. ಇಬ್ಬರೂ ಭೇಟಿಯಾಗದೆ ಏಳು ವರ್ಷ ಆದ ಮೇಲೆ ಅಮ್ಮ ಮಗಳ ಮನೆಗೆ ಬರುತ್ತಾಳೆ. ಬಂದರೆ ಅಲ್ಲೊಂದು ಆಘಾತ ಕಾದಿದೆ. ತಾನು ಆರೈಕೆ ಕೇಂದ್ರಕ್ಕೆ ಸೇರಿಸಿದ್ದ ಕಾಯಿಲೆಯ ಕಿರಿ ಮಗಳು ಹೆಲೆನಾಳನ್ನು ಇವಾ ಮನೆಗೇ ಕರೆತಂದು ನೋಡಿಕೊಳ್ಳುತ್ತಿದ್ದಾಳೆ.

ಈಗ ಪಿಯಾನೋ ದೃಶ್ಯಕ್ಕೆ ಬನ್ನಿ. ಇದನ್ನು ಎರಡು ಮೂರು ಸಲ ನೋಡಲೇಬೇಕು. ಇವಾ ಶೊಪಾನ್ ಎಂಬ ಸಂಗೀತಗಾರನ ಎರಡನೇ ಪ್ರೆಲ್ಯೂಡ್ (ಪಿಯಾನೋಗೆ ಬರೆದ ಚಿಕ್ಕ ಕೃತಿ) ನುಡಿಸುತ್ತಾಳೆ. ಕಷ್ಟಪಟ್ಟು, ತಡವರಿಸುತ್ತಾ. ಆಗ ನೋಡಬೇಕಾದ್ದು ಅವಳ ಬೆರಳುಗಳನ್ನಲ್ಲ, ಅಮ್ಮನ ಮುಖವನ್ನು. ಅಲ್ಲಿ ಪ್ರೀತಿ ಇದೆ, ಕನಿಕರ ಇದೆ, ಜೊತೆಗೆ ಅಪಸ್ವರ ಕೇಳಿದ ಕಲಾವಿದೆಯ ಸಂಕಟವೂ ಇದೆ. ಹೇಗಿತ್ತು ಅಂತ ಮಗಳು ಕೇಳಿದರೆ ಶಾರ್ಲೊಟ್ ಮೊದಲು ಜಾರಿಕೊಳ್ಳುತ್ತಾಳೆ. ಒತ್ತಾಯ ಮಾಡಿದ ಮೇಲೆ ಪಾಠ ಶುರು. ಈ ಸಂಗೀತದಲ್ಲಿ ನೋವಿದೆ, ಆದರೆ ಅದು ಗೋಗರೆಯುವುದಿಲ್ಲ, ತಡೆಹಿಡಿದು ನುಡಿಸಬೇಕು ಅನ್ನುವುದು ಅವಳ ವಾದ. ಹೇಳಿ ತಾನೇ ನುಡಿಸುತ್ತಾಳೆ. ಈಗ ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯುತ್ತಾರೆ. ಅಮ್ಮ ಪಕ್ಕಕ್ಕೆ ತಿರುಗಿ ಕೂತಿದ್ದಾಳೆ, ಅವಳ ಕಣ್ಣು ಪಿಯಾನೋ ಮೇಲೆ. ಮಗಳ ಕಣ್ಣು ಅಮ್ಮನ ಮೇಲೆ. ಶಾರ್ಲೊಟ್ ಹೇಳಿದ್ದು ಸಂಗೀತದ ಮಟ್ಟಿಗೆ ಪೂರ್ತಿ ಸರಿ. ಕಿವಿಗೆ ಅವಳ ನುಡಿಸಾಣಿಕೆಯೇ ಇಷ್ಟವಾಗುತ್ತದೆ. ಆದರೆ ಕಣ್ಣು ಇವಾಳ ಮುಖ ಬಿಟ್ಟು ಕದಲುವುದಿಲ್ಲ. ಮಗಳು ಒಂದು ಮಾತೂ ಆಡದೆ ಇಡೀ ಬಾಲ್ಯ ನಮಗೆ ತಿಳಿದುಹೋಗುತ್ತದೆ.

ರಾತ್ರಿಯ ಜಗಳ ಇದರ ಮುಂದುವರಿಕೆ. ಈಗ ಮಾತೆಲ್ಲ ಇವಾಳದು. ಕೂದಲು ಕತ್ತರಿಸಿದ್ದು, ವ್ಯಾಯಾಮ ಮಾಡಿಸಿದ್ದು, ಬಸಿರು ತೆಗೆಸಿದ್ದು, ಎಲ್ಲ ಹೊರಗೆ ಬರುತ್ತದೆ. ಶಾರ್ಲೊಟ್ ಕೊನೆಗೆ ಹೇಳುವುದು ವಿಚಿತ್ರ: ನನಗೇ ಯಾರಾದರೂ ಅಪ್ಪಿಕೊಂಡು ಸಮಾಧಾನ ಮಾಡಬೇಕಿತ್ತು, ನೀನೇ ಮಾಡಬೇಕಿತ್ತು ಅಂತ! ಅದೇ ಹೊತ್ತಿಗೆ ಹೆಲೆನಾ ಮಂಚದಿಂದ ಜಾರಿ, ತೆವಳುತ್ತಾ ಅಮ್ಮನನ್ನು ಕೂಗುತ್ತಾಳೆ. ಕೇಳಿಸಿಕೊಂಡಿಲ್ಲ ಅಂತ ಅಮ್ಮನನ್ನು ಬೈಯುತ್ತಿರುವ ಇವಾಳಿಗೂ ಆ ಕೂಗು ಕೇಳಿಸುವುದಿಲ್ಲ. ಬರ್ಗ್‌ಮನ್ ಮಗಳ ಕಡೆ ವಾಲಿದ್ದಾರೆ ಅನ್ನುವವರು ಈ ಒಂದು ಕಟ್ (ಜಗಳದಿಂದ ಹೆಲೆನಾಳ ಕಡೆಗೆ ದೃಶ್ಯ ಜಿಗಿಯುವುದು) ಅನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ ನನಗನ್ನಿಸುತ್ತದೆ.

ಗ್ರೆಟಾ ಗರ್ವಿಗ್ ಅವರ 'ಲೇಡಿ ಬರ್ಡ್' (2017) ಇದಕ್ಕಿಂತ ಹಗುರ, ನಗುವೂ ಜಾಸ್ತಿ. ಅಮೆರಿಕದ ಸ್ಯಾಕ್ರಮೆಂಟೊ ಊರು, ಕಾಸಿಗೆ ಕಷ್ಟ ಇರುವ ಮನೆ. ಇಲ್ಲಿನ ಜಗಳ ನಮ್ಮ ಮನೆಗಳ ಜಗಳದ ಹಾಗೇ: ಹಳೇ ಬಟ್ಟೆ ಅಂಗಡಿಯಲ್ಲಿ ಕಚ್ಚಾಡುತ್ತಿರುವ ಇಬ್ಬರೂ ಒಂದು ಚೆಂದದ ಡ್ರೆಸ್ ಸಿಕ್ಕ ಕೂಡಲೇ ಒಟ್ಟಿಗೆ ಖುಷಿಯಾಗುತ್ತಾರೆ. ಆದರೆ ನಮ್ಮ ಪ್ರಶ್ನೆಗೆ ಬೇಕಾದ್ದು ಅಡುಗೆಮನೆಯ ದೃಶ್ಯ. ಮಗಳು ದೂರದ ಕಾಲೇಜಿಗೆ ಗುಟ್ಟಾಗಿ ಅರ್ಜಿ ಹಾಕಿದ್ದು ಗೊತ್ತಾಗಿದೆ. ಅಮ್ಮ ಮರಿಯನ್ (ಲಾರಿ ಮೆಟ್‌ಕಾಫ್) ಪಾತ್ರೆ ತೊಳೆಯುತ್ತಾಳೆ. ಮಗಳು (ಸರ್ಶಾ ರೋನನ್) ಮಾತಾಡಮ್ಮ, ಬೈಯಾದ್ರೂ ಬೈಯಮ್ಮ ಅನ್ನುವಂತೆ ಅಂಗಲಾಚುತ್ತಾಳೆ. ನಲ್ಲಿ ನೀರಿನ ಸದ್ದು, ಪಾತ್ರೆ ಸದ್ದು, ಅಷ್ಟೇ. ಇಲ್ಲಿ ಕೇಳಿಸಿಕೊಳ್ಳುವವಳು ಕೇಳಿಸದವಳಂತೆ ಇದ್ದುಬಿಡುತ್ತಾಳೆ. ಆ ಮೌನದಲ್ಲಿ ಏನಿತ್ತು ಅನ್ನುವುದು ಮಗಳಿಗೆ ತಿಳಿಯುವುದು ಆಮೇಲೆ. ಅಮ್ಮ ಬರೆದು ಬರೆದು ಬಿಸಾಡಿದ್ದ ಪತ್ರಗಳನ್ನು ಅಪ್ಪ ಎತ್ತಿಟ್ಟು ಮಗಳ ಸೂಟ್‌ಕೇಸಿಗೆ ಹಾಕಿರುತ್ತಾನೆ.

ಇನ್ನು ಋತುಪರ್ಣ ಘೋಷ್ ಅವರ ಬಂಗಾಳಿ ಸಿನಿಮಾ 'ಉನಿಶೆ ಏಪ್ರಿಲ್' (1994). ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಮಗಳಾಗಿ ನಟಿಸಿದ ದೇಬಶ್ರೀ ರಾಯ್ ಅವರಿಗೂ ಬಂತು. ಅಮ್ಮ ಸರೋಜಿನಿ (ಅಪರ್ಣಾ ಸೇನ್) ನೃತ್ಯ ಕಲಾವಿದೆ, ಮಗಳು ಅದಿತಿ ಡಾಕ್ಟರ್. ಏಪ್ರಿಲ್ 19 ಅಪ್ಪ ತೀರಿಕೊಂಡ ದಿನ. ಅಮ್ಮ ಕುಣಿಯುವವಳು ಅನ್ನುವ ಕಾರಣಕ್ಕೇ ಅದಿತಿಯ ಮದುವೆಯೂ ಮುರಿದು ಬೀಳುತ್ತದೆ. ಸಾಯಲು ಹೊರಟಿದ್ದಾಳೆ, ಅಷ್ಟರಲ್ಲಿ ವಿಮಾನ ರದ್ದಾಗಿ ಅಮ್ಮ ವಾಪಸ್ ಬರುತ್ತಾಳೆ.

ಇದು 'ಆಟಮ್ ಸೊನಾಟಾ'ದ ನಕಲು ಅಂತ ಸುಲಭವಾಗಿ ಅಂದುಬಿಡುವವರಿದ್ದಾರೆ. ಕಲಾವಿದೆ ಅಮ್ಮ, ಹಳೇ ಗಾಯ, ಒಂದು ರಾತ್ರಿ, ಹೋಲಿಕೆ ಇದೆ ನಿಜ. ಆದರೆ ಯಾರು ಕೇಳುತ್ತಿದ್ದಾರೆ ನೋಡಿ. ಇಲ್ಲಿ ಮಗಳ ದೂರು ಮುಗಿದ ಮೇಲೆ ಅಮ್ಮನ ಸರದಿ ಬರುತ್ತದೆ. ಹೆಂಡತಿಯ ಹೆಸರು ಬೆಳೆದಂತೆ ಆ ಮದುವೆಯಲ್ಲಿ ಏನಾಯಿತು ಅನ್ನುವುದನ್ನು, ಅಪ್ಪನನ್ನೇ ದೇವರು ಅಂದುಕೊಂಡಿದ್ದ ಅದಿತಿ ಕೂತು ಕೇಳುತ್ತಾಳೆ. ಶಾರ್ಲೊಟ್ ಬೆಳಗಾದ ಮೇಲೆ ಹೊರಟೇ ಹೋಗುತ್ತಾಳೆ. ಸರೋಜಿನಿಗೆ ಕೇಳುವವಳು ಸಿಕ್ಕಿದ್ದಾಳೆ. ಹೋಲಿಸಿ ಬರೆಯುವವರು ಇಲ್ಲಿಂದಲೇ ಶುರು ಮಾಡಬಹುದು.