ಎಕ್ಸ್-ರೇ ಕೋಣೆಯಲ್ಲಿ ಮಕ್ಕಳ ಗ್ರಂಥಾಲಯ ಮಾಡಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ಮುಚ್ಚಿಹೋದ ನರ್ಸಿಂಗ್ ಹೋಂ ಒಂದನ್ನು ನಮ್ಮ ಮೂರು ಸೇವಾ ಸಂಸ್ಥೆಗಳು ಸೇರಿ ಬಾಡಿಗೆಗೆ ಹಿಡಿಯಬೇಕೆಂದಿವೆ. ಎಕ್ಸ್-ರೇ ಕೋಣೆಯನ್ನು ಮಕ್ಕಳ ಗ್ರಂಥಾಲಯ ಮಾಡುವ ಆಸೆ. ಅಲ್ಲಿ ವಿಕಿರಣ ಉಳಿದಿರುತ್ತದೆ ಎಂದು ಹೆದರಿಸುತ್ತಾರೆ. ನಿಜವೇ?

ಉತ್ತರ: ನಿಜವಲ್ಲ, ಧಾರಾಳವಾಗಿ ಮಾಡಿ. ಯಂತ್ರದ ಟ್ಯೂಬಿಗೆ ವಿದ್ಯುತ್ ಹರಿದಾಗ ಮಾತ್ರ ಎಕ್ಸ್-ರೇ ಹುಟ್ಟುತ್ತದೆ. ಸ್ವಿಚ್ ಆರಿಸಿದರೆ ಬಲ್ಬಿನ ಬೆಳಕಿನಂತೆ ಅದೂ ಹೋಗುತ್ತದೆ. ಗೋಡೆಯಲ್ಲಾಗಲಿ ನೆಲದಲ್ಲಾಗಲಿ ಏನೂ ಉಳಿಯುವುದಿಲ್ಲ. ಸಾಮಾನ್ಯವಾಗಿ ಆ ಕೋಣೆಯ ಗೋಡೆ 9 ಅಂಗುಲ ದಪ್ಪದ ಇಟ್ಟಿಗೆಯದು. ಹೊರಗಿನ ಗದ್ದಲ ಒಳಗೆ ಬಾರದು. ಓದುವುದಕ್ಕೆ ಇನ್ನೇನು ಬೇಕು?

ಜಾಗ್ರತೆ ಬೇಕಿರುವುದು ಬಾಗಿಲಿನ ವಿಷಯದಲ್ಲಿ. ಅದರೊಳಗೆ ಸೀಸದ ತಗಡು ಇರುತ್ತದೆ. ಕೊರೆದರೆ, ಉಜ್ಜಿದರೆ ಉದುರುವ ಪುಡಿ ಮಕ್ಕಳಿಗೆ ವಿಷ. ಇಡಿಯಾಗಿ ಕಳಚಿಸಿ ಬೇರೆ ಬಾಗಿಲು ಹಾಕಿಸಿ. ಹಳೆಯ ಯಂತ್ರ ಅಲ್ಲೇ ಬಿದ್ದಿದ್ದರೆ ಗುಜರಿಗೆ ಕೊಡಬೇಡಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಅದನ್ನು ವಿಲೇವಾರಿ ಮಾಡಬೇಕಾದವರು ಆಸ್ಪತ್ರೆ ನಡೆಸುತ್ತಿದ್ದವರು.

ನನಗೆ ಹೆದರಿಕೆ ಇರುವುದು ವಾಶ್ ಬೇಸಿನ್ನುಗಳ ಬಗ್ಗೆ. ಥರ್ಮಾಮೀಟರ್, ಬಿ.ಪಿ. ಉಪಕರಣ ಒಡೆದಾಗ ಚೆಲ್ಲಿದ ಪಾದರಸವನ್ನು ಬೇಸಿನ್ನಿಗೆ ಸುರಿದು ನಲ್ಲಿ ಬಿಡುವ ಅಭ್ಯಾಸ ಹಿಂದೆ ಇತ್ತು. ನೀರಿಗಿಂತ 13.5 ಪಟ್ಟು ಭಾರದ ಪಾದರಸ ಕೊಚ್ಚಿಕೊಂಡು ಹೋಗದೆ ಕೆಳಗಿನ ಬಾಗಿದ ಪೈಪಿನಲ್ಲಿ ಕೂತುಬಿಡುತ್ತದೆ. ಗೊತ್ತಿಲ್ಲದ ಪ್ಲಂಬರ್ ಪೈಪು ಬಿಚ್ಚಿದರೆ ಕೋಣೆ ತುಂಬ ಹನಿ. ಅಡಿಯಲ್ಲಿ ಬಕೆಟ್ ಇಟ್ಟೇ ಬಿಚ್ಚಿಸಿ. ಬೆಳ್ಳಿಯಂತೆ ಹೊಳೆಯುವ ಗುಂಡು ಕಂಡರೆ ಕಿಟಕಿ ತೆರೆದು, ಕೈಗವಸು ಹಾಕಿ, ಗಟ್ಟಿ ಕಾಗದದಿಂದ ಒಟ್ಟುಮಾಡಿ ಬಿಗಿ ಮುಚ್ಚಳದ ಬಾಟಲಿಗೆ ಸೇರಿಸಿ. ಪೊರಕೆ ಮುಟ್ಟಿಸಬೇಡಿ, ಹನಿ ಒಡೆದು ಚದುರುತ್ತದೆ. ಆ ಬಾಟಲಿ ಕಸದ ಗಾಡಿಗೆ ಹೋಗಕೂಡದು. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯನ್ನು ಕೇಳಿ.

ಕಪಾಟಿನ ಹಿಂದೆ, ಚರಂಡಿ ಜಾಲರಿಯಲ್ಲಿ ಸೂಜಿಗಳು ಸಿಗುತ್ತವೆ. ದಪ್ಪ ಅಡಿಯ ಶೂ ಇಲ್ಲದೆ ಯಾರನ್ನೂ ಗುಡಿಸಲು ಬಿಡಬೇಡಿ. ಉಳಿದ ವೈದ್ಯಕೀಯ ತ್ಯಾಜ್ಯವನ್ನು ಹಳೆಯವರೇ ಸಾಗಿಸಿದ ಮೇಲಷ್ಟೇ ಬೀಗದ ಕೈ ತೆಗೆದುಕೊಳ್ಳಿ. ರೋಗಾಣುಗಳಿಗೆ ಸೋಪು ನೀರು, ಬ್ಲೀಚಿಂಗ್ ಪೌಡರ್, ಒಂದಷ್ಟು ದಿನದ ಗಾಳಿ ಬಿಸಿಲು ಸಾಕು. ‘ಜನ ಸತ್ತ ಜಾಗ’ ಎಂದು ಮೂಗು ಮುರಿಯುವವರಿಗೆ ಹೆರಿಗೆ ಕೋಣೆಯನ್ನೂ ತೋರಿಸಿ.

ಸ್ಟ್ರೆಚರ್‌ಗಾಗಿ ಮಾಡಿದ ರ‍್ಯಾಂಪನ್ನೂ ಅಗಲದ ಬಾಗಿಲುಗಳನ್ನೂ ಒಡೆಯಬೇಡಿ. 1 ಅಡಿ ಏರಲು 12 ಅಡಿ ಉದ್ದವಿದ್ದರೆ ಗಾಲಿಕುರ್ಚಿಗೆ ಅದು ಸರಿಯಾದ ಅಳತೆ. ಹೊಸದಾಗಿ ಕಟ್ಟಿಸಲು ಹೊರಟರೆ ಅಷ್ಟು ಜಾಗವೇ ಸಿಗುವುದಿಲ್ಲ.

ಇನ್ನು ಖರ್ಚು. ಆಸ್ಪತ್ರೆಗೆ ಮಂಜೂರಾದ ವಿದ್ಯುತ್ ಲೋಡ್ ದೊಡ್ಡದು. ಬೆಸ್ಕಾಂಗೆ ಅರ್ಜಿ ಹಾಕಿ ಇಳಿಸದಿದ್ದರೆ, ಬಳಸದ ಲೋಡಿಗೂ ಪ್ರತಿ ತಿಂಗಳು ನಿಗದಿತ ಶುಲ್ಕ ತೆರಬೇಕು. ಮೂರು ಸಂಸ್ಥೆಗೂ ಬೇರೆ ಬೇರೆ ಸಬ್ ಮೀಟರ್ ಹಾಕಿಸಿ. ಸೇವೆಯ ಮನಸ್ಸಿನವರ ನಡುವೆಯೂ ಕರೆಂಟ್ ಬಿಲ್ಲಿಗೆ ಜಗಳವಾಗುತ್ತದೆ. ಮಾಲೀಕರು 11 ತಿಂಗಳ ಕರಾರು ಮುಂದಿಟ್ಟರೆ ಒಪ್ಪಬೇಡಿ. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲೆಂದೇ 11 ತಿಂಗಳು ಎನ್ನುವುದು. ನೀವು ಲಕ್ಷಗಟ್ಟಲೆ ಸುರಿದು ದುರಸ್ತಿ ಮಾಡಿಸಿದ ಕಟ್ಟಡವನ್ನು ಹನ್ನೆರಡನೆಯ ತಿಂಗಳು ಬಿಟ್ಟುಕೊಡಿ ಎಂದರೆ ಏನು ಮಾಡುತ್ತೀರಿ?