ಪೋರ್ಟ್‌ಫೋಲಿಯೊ: ಹೊತ್ತೊಯ್ಯುವ ಹಾಳೆಗಳು

ಸಚಿವರ ಕೈಯಲ್ಲಿದ್ದರೆ ಪೋರ್ಟ್‌ಫೋಲಿಯೊ ಎಂದರೆ ಖಾತೆ. ಷೇರುಪೇಟೆಯಲ್ಲಿ ಅದು ಒಬ್ಬರು ಮಾಡಿದ ಹೂಡಿಕೆಗಳೆಲ್ಲ ಸೇರಿದ ಗಂಟು. ಚಿತ್ರ ಬರೆಯುವವರಿಗೆ, ಕೆಲಸ ಕೇಳಲು ಹೋದಾಗ ಮುಂದಿಡುವ ಚಿತ್ರಗಳ ಕಟ್ಟು. ಮೂರು ಅರ್ಥವೂ ಒಂದೇ ಚೀಲದಿಂದ ಹೊರಬಿದ್ದವು. ಇಟಾಲಿಯನ್ ಭಾಷೆಯಲ್ಲಿ ‘ಪೋರ್ತಾರೆ’ ಎಂದರೆ ಹೊರು, ‘ಫೋಲ್ಯೊ’ ಎಂದರೆ ಹಾಳೆ; ಎರಡೂ ಸೇರಿ ಬಿಡಿಹಾಳೆಗಳನ್ನು ಹೊತ್ತೊಯ್ಯುವ ಚೀಲವಾಯಿತು. ನಮ್ಮ ‘ಹೊತ್ತಗೆ’ ಕಿವಿಗೇನೋ ಚೆನ್ನಾಗಿ ಹೊಂದುತ್ತದೆ, ಆದರೆ ಅದು ‘ಪುಸ್ತಕ’ದ ತದ್ಭವ. ಹೊರುವುದಕ್ಕೂ ಅದಕ್ಕೂ ನೆಂಟಸ್ತಿಕೆಯಿಲ್ಲ.

ಹೊರಬೇಕಾದದ್ದು ಎಂಬುದನ್ನು ಮರೆತವರು ಬರೆದದ್ದನ್ನೆಲ್ಲ ತುಂಬುತ್ತಾರೆ. ಇಲ್ಲಸ್ಟ್ರೇಟರ್ ಆಗಬೇಕೆಂದಿರುವ ವಿರಾಜಪೇಟೆಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ 84 ಚಿತ್ರ ತೋರಿಸಿದಳು. ದಸರೆಯ ಮಂಟಪ, ಹೂಬಿಟ್ಟ ಕಾಫಿ ಗಿಡ, ದುಬಾರೆಯ ಆನೆ, ಫೋಟೊ ನೋಡಿ ಬರೆದ ಸಿನಿಮಾ ನಟ. ನಟನ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ನನ್ನ ಕಣ್ಣು ನಿಂತದ್ದು ಮಾತ್ರ ಒಬ್ಬ ಅಜ್ಜಿಯ ಮೇಲೆ. ಒಲೆ ಊದುತ್ತಾ, ಕಣಿಲೆ ಹೆಚ್ಚುತ್ತಾ, ಮಳೆಯಲ್ಲಿ ಕೋಳಿ ಅಟ್ಟುತ್ತಾ ಆರು ಹಾಳೆಗಳಲ್ಲಿ ಅದೇ ಅಜ್ಜಿ, ಅದೇ ಮೂಗು, ಬೇರೆ ಬೇರೆ ಸಿಟ್ಟು.

ಪ್ರಕಾಶಕರು ಹುಡುಕುವುದು ಇದನ್ನೇ. ಗೋಡೆಗೆ ತೂಗುವ ಚಿತ್ರ ಒಂಟಿಯಾಗಿ ನಿಂತೀತು. ಇಲ್ಲಸ್ಟ್ರೇಟರ್ ಬರೆಯುವುದು ಕಥೆಯ ಜೊತೆ ನಡೆಯುವ ಚಿತ್ರ. ಮಕ್ಕಳ ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ಮೊದಲ ಪುಟದ ಅಜ್ಜಿ ಕೊನೆಯ ಪುಟದಲ್ಲಿ ಪಕ್ಕದ ಮನೆಯವಳಂತೆ ಕಂಡರೆ ಮಗು ಅಲ್ಲೇ ಪುಸ್ತಕ ಮುಚ್ಚುತ್ತದೆ. ಇಟಲಿಯ ಬೊಲೋನ್ಯದ ಮಕ್ಕಳ ಪುಸ್ತಕ ಮೇಳದಲ್ಲಿ ನಡೆಯುವ ಚಿತ್ರಕಾರರ ಪ್ರದರ್ಶನಕ್ಕೂ ಕೇಳುವುದು 5 ಚಿತ್ರ, ಅದೂ ಒಂದೇ ವಸ್ತುವಿನ ಮೇಲೆ.

ಹಾಗಾದರೆ ಅತ್ಯುತ್ತಮವಾದದ್ದನ್ನಷ್ಟೇ ಆರಿಸಿದರೆ ಸಾಕೇ? ಕಾಫಿ ಮಾರಿದವರಿಗೆ ಉತ್ತರ ಗೊತ್ತಿದೆ. ವ್ಯಾಪಾರಿ ಚೆರ್ರಿಯ, ಎಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, ಸ್ಯಾಂಪಲ್ ಸುಲಿದು, ತೂಗಿ, 50 ಕೆಜಿ ಚೀಲದಲ್ಲಿ ಎಷ್ಟು ಬೇಳೆ ಸಿಕ್ಕೀತೆಂದು ಔಟ್‌ಟರ್ನ್ ನೋಡುತ್ತಾನೆ. ಆರಿಸಿ ಆರಿಸಿ ಒಳ್ಳೆಯ ಕಾಳನ್ನೇ ಕೊಟ್ಟರೆ ಮೂಟೆ ಬಿಚ್ಚಿದ ದಿನ ಮಾನ ಹೋಗುತ್ತದೆ. ಚಿತ್ರವೂ ಹಾಗೆಯೇ. ಎರಡು ತಿಂಗಳು ತಿದ್ದಿ ತೀಡಿದ ಆ ಮೀಸೆಯನ್ನು ವಾರದ ಗಡುವಿನಲ್ಲಿ ಮತ್ತೆ ಬರೆಯಲಾಗದಿದ್ದರೆ ಅದು ಕಟ್ಟಿನಲ್ಲಿ ಇರಬಾರದು. ಸುಮಾರು 15 ಚಿತ್ರ ಧಾರಾಳವಾಯಿತು. ಜೊತೆಗೆ ಪೆನ್ಸಿಲ್ಲಿನ ಕಚ್ಚಾ ರೂಪ ಒಂದೆರಡು ಇರಲಿ, ಯೋಚನೆ ಹೇಗೆ ತಿರುಗಿತೆಂದು ತಿಳಿಯುತ್ತದೆ.

ಈಗ ಪೋರ್ಟ್‌ಫೋಲಿಯೊ ಎಂದರೆ ಹೆಚ್ಚಾಗಿ ಒಂದು ಪಿಡಿಎಫ್ ಅಥವಾ ಜಾಲತಾಣದ ಕೊಂಡಿ. ಕೊಡಗಿನಲ್ಲಿ ಇದು ಅನುಕೂಲವೂ ಹೌದು. ಜೂನ್ ಹಿಡಿದರೆ ಗೋಡೆಯೇ ಬೆವರುವ ಊರಿನಲ್ಲಿ ಕಾಗದಕ್ಕೆ ಬೂಷ್ಟು ಬಾರದಿರುತ್ತದೆಯೇ? ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಎಲ್ಲವನ್ನೂ ಇಂಚಿಗೆ ಕನಿಷ್ಠ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿಟ್ಟರೆ ಅಚ್ಚಿಗೂ ಒದಗುತ್ತದೆ.

ಆ ಹುಡುಗಿ 84ರಿಂದ 16ಕ್ಕೆ ಇಳಿದಿದ್ದಾಳೆ. ಅಜ್ಜಿ ಈಗ ಮೊದಲ ಪುಟದಲ್ಲಿದ್ದಾಳೆ. ಮೀಸೆಯ ನಟನನ್ನು ಮಾತ್ರ ಇನ್ನೂ ಬಿಟ್ಟಿಲ್ಲ.